ಕಾರವಾರ, ಶಿರಸಿಯಲ್ಲಿ ರೂಮು ಹಿಡಿಯುವವರಿಗೆ: ಬೀಗಕ್ಕಿಂತ ಮೊದಲು ಬಚ್ಚಲು ನೋಡಿ

ಮಕ್ಕಳನ್ನು ಹಾಸ್ಟೆಲ್ಲಿಗೋ ಪಿಜಿಗೋ ಸೇರಿಸಲು ಬರುವ ಅಪ್ಪ ಅಮ್ಮ ಮೊದಲು ಕೇಳುವುದು ಎರಡೇ ಪ್ರಶ್ನೆ: ರಾತ್ರಿ ಗೇಟಿಗೆ ಎಷ್ಟು ಹೊತ್ತಿಗೆ ಬೀಗ ಹಾಕುತ್ತೀರಿ, ಅಕ್ಕಪಕ್ಕದವರು ಎಂಥವರು. ಕೇಳಬೇಕಾದದ್ದೇ. ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವು ಕೊಡುವುದೇ ಅಪರೂಪ. ಒದ್ದೆ ಗೋಡೆ, ಒದ್ದೆ ಕೈ, ಕಿಟಕಿ ಮುಚ್ಚಿದ ಬಚ್ಚಲು, ಒಣಗದ ಬಟ್ಟೆ: ರೂಮಿನೊಳಗೆ ಜೀವಕ್ಕೆ ಕುತ್ತು ತರುವುದು ಇವೇ. ಕಳ್ಳ ಬಂದರೆ ಹೆಚ್ಚೆಂದರೆ ಮೊಬೈಲು, ಲ್ಯಾಪ್‌ಟಾಪು ಹೋದಾವು. ಹಾಗಾಗಿ ಇಲ್ಲಿ ಕರೆಂಟು, ಗ್ಯಾಸು, ನೀರಿಗೇ ಹೆಚ್ಚು ಜಾಗ.

ರೂಮು ನೋಡುವಾಗ

ಮೇ ತಿಂಗಳಲ್ಲಿ ರೂಮು ನೋಡಲು ಹೋದರೆ ಎಲ್ಲವೂ ಒಣಗಿ ಚಂದವಾಗಿಯೇ ಇರುತ್ತದೆ. ಹೊಸ ಬಣ್ಣ ಬಳಿದಿದ್ದರೆ ಇನ್ನೂ ಚಂದ. ಗೋಡೆಯ ಗುಟ್ಟು ತಿಳಿಯಬೇಕಾದರೆ ಸ್ವಿಚ್ ಬೋರ್ಡಿನ ಸ್ಕ್ರೂ ನೋಡಿ. ಸ್ಕ್ರೂ ತುಕ್ಕು ಹಿಡಿದು ಕೆಂಪಾಗಿದ್ದರೆ, ಪ್ಲಗ್ ತೂತಿನೊಳಗಿನ ಹಿತ್ತಾಳೆ ಹಸಿರುಗಟ್ಟಿದ್ದರೆ ಆ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ. ಗೋಡೆ ಕಪಾಟಿನ ಬಾಗಿಲು ತೆಗೆದು ಮೂಸಿ. ಬೂಷ್ಟಿನ ವಾಸನೆ ಬಣ್ಣಕ್ಕೆ ಅಡಗುವುದಿಲ್ಲ. ಕರಾವಳಿಯಲ್ಲಿ ಮಳೆ ಹೊಡೆಯುವುದು ಪಡುವಣದಿಂದ, ಆದ್ದರಿಂದ ಪಶ್ಚಿಮದ ಹೊರಗೋಡೆಯಲ್ಲಿ ಬೋರ್ಡು ಇರುವ ರೂಮಿಗಿಂತ ಒಳಗೋಡೆಯಲ್ಲಿ ಬೋರ್ಡು ಇರುವ ರೂಮು ಮೇಲು.

ಬಾಗಿಲಿನ ಚಿಲಕವನ್ನು ಒಳಗಿನಿಂದಲೂ ಹೊರಗಿನಿಂದಲೂ ಹಾಕಿ ತೆಗೆದು ನೋಡಿ. ಮಳೆ ಹಿಡಿದ ಮೇಲೆ ಮರ ಉಬ್ಬಿ ಚಿಲಕ ತೂತಿಗೆ ಕೂರುವುದಿಲ್ಲ. ಬಾಗಿಲನ್ನು ಗುದ್ದಿ ಹಾಕಿದರೆ ತೆಗೆಯಲು ಇಬ್ಬರು ಬೇಕಾಗುತ್ತದೆ. ಬೆಂಕಿ ಬಿದ್ದ ರಾತ್ರಿ ಅಂಥ ಬಾಗಿಲು ಬಾಗಿಲೇ ಅಲ್ಲ. ಈಗಲೇ ಬಿಗಿಯಾಗಿದ್ದರೆ ಆಚಾರಿಯನ್ನು ಕರೆಸಿ ಅಂಚು ಹೆರೆಸಿಕೊಡಿ ಎಂದು ಮಾಲೀಕರಿಗೆ ಹೇಳಿ. ಕಿಟಕಿಗಳಿಗೆಲ್ಲ ಗಟ್ಟಿ ಗ್ರಿಲ್ ಇದ್ದು, ಕೆಳಗೆ ರಾತ್ರಿ ಕೊಲ್ಯಾಪ್ಸಿಬಲ್ ಗೇಟಿಗೆ ಬೀಗ ಬೀಳುವ ಕಟ್ಟಡವಾದರೆ ಕೀ ಯಾರ ಬಳಿ ಇರುತ್ತದೆ ಎಂದು ಕೇಳಿ. ಉತ್ತರ "ವಾರ್ಡನ್ ಮನೆಯಲ್ಲಿ" ಎಂದಾದರೆ, ಒಂದು ಕೀ ಕಟ್ಟಡದೊಳಗೇ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇರಬೇಕೆಂದು ಹಟ ಹಿಡಿಯಿರಿ.

ಕಟ್ಟಡದ ಹಿಂದಕ್ಕೂ ಒಂದು ಸುತ್ತು ಹೋಗಿ ಬನ್ನಿ. ಗುಡ್ಡ ಕಡಿದು ಸೈಟು ಮಾಡಿದ್ದರೆ ಹಿಂದೆ ಧರೆ, ಅಂದರೆ ಕಡಿದ ಮಣ್ಣಿನ ಗೋಡೆ, ನಿಂತಿರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದು ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆಟ್ಟಗೆ ಕಡಿದ ಧರೆಗೆ ತಡೆಗೋಡೆಯಿಲ್ಲದಿದ್ದರೆ, ಅಥವಾ ತಡೆಗೋಡೆಯಿದ್ದರೂ ನೀರು ಹೋಗಲು ಅದರಲ್ಲಿ ಕಿಂಡಿಗಳಿಲ್ಲದಿದ್ದರೆ, ಆ ಬದಿಯ ರೂಮು ಬೇಡ. ಮಳೆಗಾಲದಲ್ಲಿ ಧರೆಯ ನೆತ್ತಿಯಲ್ಲಿ ಹೊಸ ಬಿರುಕು, ಓರೆಯಾದ ಮರ, ಇದ್ದಕ್ಕಿದ್ದಂತೆ ಕೆಸರಾಗಿ ಬರುವ ಒರತೆ ಕಂಡರೆ ಬೆಳಗಾಗುವುದನ್ನು ಕಾಯದೆ ಕಟ್ಟಡ ಬಿಟ್ಟು ಹೊರಡಿ.

ಬಚ್ಚಲು, ಹೀಟರ್ ಕಾಯಿಲ್, ಗೀಸರ್

ಹಂಡೆ ಒಲೆಗೆ ಅಡಿಕೆ ಸಿಪ್ಪೆ ತುಂಬಿ ನೀರು ಕಾಯಿಸಿಕೊಂಡು ಬೆಳೆದವರು ಪೇಟೆಯ ರೂಮಿಗೆ ಬಂದಾಗ ಮೊದಲು ಕೊಳ್ಳುವುದು ಹೀಟರ್ ಕಾಯಿಲ್. ರೂಮಿನಲ್ಲಿರುವ ಅತಿ ಅಗ್ಗದ, ಅತಿ ಅಪಾಯದ ಸಾಮಾನು ಅದು. ಹಾಸ್ಟೆಲ್ಲಿನಲ್ಲಿ ಅದಕ್ಕೆ ನಿಷೇಧವಿದ್ದರೆ ಕದ್ದು ಬಳಸಬೇಡಿ. ಆ ಕಟ್ಟಡದ ವೈರಿಂಗ್ ಅದನ್ನು ತಾಳುವುದಿಲ್ಲ ಎಂದೇ ನಿಷೇಧ ಇರುವುದು.

1500 ವ್ಯಾಟಿನ ಕಾಯಿಲ್ 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 6.5 ಆಂಪಿಯರ್. ಮೊಬೈಲ್ ಚಾರ್ಜಿಗೆ ಬಳಸುವ ಸಣ್ಣ ಪ್ಲಗ್ ಪಾಯಿಂಟ್ 6 ಆಂಪಿಯರಿನದು. ಅದಕ್ಕೆ ಹಾಕಿದರೆ ಮೊದಲ ವಾರ ಏನೂ ಆಗುವುದಿಲ್ಲ, ಆಮೇಲೆ ಪ್ಲಗ್ ಬಿಸಿಯಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ, ಕೊನೆಗೊಂದು ದಿನ ಕರಗುತ್ತದೆ. ದಪ್ಪ ಪಿನ್ನಿನ 16 ಆಂಪಿಯರ್ ಪಾಯಿಂಟಿಗೇ ಹಾಕಿ. ಎಕ್ಸ್‌ಟೆನ್ಷನ್ ಬಾಕ್ಸಿಗೆ ಬೇಡ. 2000 ವ್ಯಾಟಿನ ಇಂಡಕ್ಷನ್ ಒಲೆಗೂ ಇದೇ ಮಾತು, ಅದು ಎಳೆಯುವುದು ಎಂಟೂವರೆ ಆಂಪಿಯರಿಗಿಂತ ಹೆಚ್ಚು.

ಬಳಸುವ ಕ್ರಮ ಹೀಗೆ. ಐಎಸ್‌ಐ ಗುರುತಿನ ಕಾಯಿಲ್ ಕೊಳ್ಳಿ. ಪ್ಲಾಸ್ಟಿಕ್ ಬಕೆಟ್ ಇರಲಿ, ಕಬ್ಬಿಣ ಅಥವಾ ಸ್ಟೀಲಿನದು ಬೇಡ. ಬಕೆಟ್ಟಿನ ಮೇಲೆ ಅಡ್ಡಲಾಗಿ ಒಣ ಮರದ ಕೋಲಿಟ್ಟು ಅದಕ್ಕೆ ಕಾಯಿಲ್ ತೂಗುಹಾಕಿ, ಅಂಚಿಗೆ ತಗುಲಿದರೆ ಬಕೆಟ್ ಕರಗುತ್ತದೆ. ಕಾಯಿಲ್ ಮೇಲಿನ ಗುರುತಿನಷ್ಟು ನೀರಿರಲಿ. ಕೈ ಒಣಗಿಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಪ್ಲಗ್ ಹಾಕಿ ಸ್ವಿಚ್ ಒತ್ತಿ, ಬಚ್ಚಲಿನಿಂದ ಹೊರಗೆ ಬನ್ನಿ. 15 ಲೀಟರ್ ನೀರಿನ ಬಿಸಿಯನ್ನು 20 ಡಿಗ್ರಿಯಷ್ಟು ಏರಿಸಲು 1500 ವ್ಯಾಟಿಗೆ ಸುಮಾರು 14 ನಿಮಿಷ ಸಾಕು. ಮೊಬೈಲಿನಲ್ಲಿ ಅಲಾರಂ ಇಡಿ. ಬಂದು ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕಿತ್ತು, ಒಂದು ನಿಮಿಷ ಬಿಟ್ಟು ಕಾಯಿಲ್ ತೆಗೆಯಿರಿ. ನೀರಿಗೆ ಬೆರಳು ಹಾಕುವುದು ಅದಾದ ಮೇಲೆ. ಸಾವುಗಳಾಗುವುದು ಈ ಒಂದು ಹೆಜ್ಜೆಯಲ್ಲೇ: "ಬಿಸಿಯಾಯ್ತಾ ನೋಡೋಣ" ಎಂದು ಸ್ವಿಚ್ ಆರಿಸದೆ ಬೆರಳದ್ದುವುದು. ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿ ಸೀಳು ಬಿಟ್ಟಿದ್ದರೆ ಕರೆಂಟು ನೇರ ನೀರಿಗೇ ಬರುತ್ತದೆ. ಅಂಥದನ್ನು ಗುಜರಿಗೆ ಹಾಕಿ.

ಇನ್ನೊಂದು ಬಲೆ, ನಮ್ಮಲ್ಲಿ ಮಳೆಗಾಲದಲ್ಲಿ ಹೇಳದೆ ಕೇಳದೆ ಹೋಗುವ ಕರೆಂಟು. ನೀರು ಕಾಯುತ್ತಿರುವಾಗ ಕರೆಂಟು ಹೋಗುತ್ತದೆ, ಸ್ವಿಚ್ ಹಾಗೇ ಇರುತ್ತದೆ, ಯಾರೋ ಬಂದು ಬಕೆಟ್ಟಿಗೆ ಕೈ ಹಾಕುತ್ತಾರೆ, ಅಷ್ಟರಲ್ಲಿ ಕರೆಂಟು ಬರುತ್ತದೆ. ಬಟ್ಟೆಯ ಮೇಲೆ ಮಗುಚಿಟ್ಟು ಮರೆತ ಇಸ್ತ್ರಿಪೆಟ್ಟಿಗೆಯ ಕಥೆಯೂ ಅದೇ. ನೀವು ಕ್ಲಾಸಿನಲ್ಲಿರುವಾಗ ಹಾಸಿಗೆ ಹೊತ್ತಿಕೊಳ್ಳುತ್ತದೆ. ಕರೆಂಟು ಹೋದ ಕೂಡಲೇ ಕಾಯಿಲ್, ಇಸ್ತ್ರಿ, ಇಂಡಕ್ಷನ್ ಮೂರರ ಪ್ಲಗ್ಗೂ ಕಿತ್ತಿಡಿ.

ಮೀಟರ್ ಬೋರ್ಡಿನ ಬಳಿ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇದೆ, ಹಾಗಾಗಿ ಭಯವಿಲ್ಲ ಎಂದು ಮಾಲೀಕರು ಹೇಳಬಹುದು. ಎಂಸಿಬಿ ಇರುವುದು ವೈರನ್ನು ಕಾಯಲು. 16 ಆಂಪಿಯರಿನ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಹೆಚ್ಚು ಕರೆಂಟು ಹರಿಯಬೇಕು. ಮನುಷ್ಯನ ಎದೆಬಡಿತ ನಿಲ್ಲಿಸಲು ಅದರ ನೂರನೇ ಒಂದು ಪಾಲು ಸಾಕು. ನಿಮ್ಮನ್ನು ಕಾಯುವುದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್. ಅದರ ಮೇಲೆ ‘ಟಿ’ ಎಂಬ ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಿ, ಟಪ್ಪೆಂದು ಬೀಳಬೇಕು. ಬೀಳದಿದ್ದರೆ ಅದು ಇದ್ದೂ ಇಲ್ಲದಂತೆ. ಇಲ್ಲವೇ ಇಲ್ಲವಾದರೆ, ಅಡ್ವಾನ್ಸ್ ಕೊಡುವ ಮೊದಲು ಹಾಕಿಸಿಕೊಡಿ ಎಂದು ಕೇಳಿ; ಕೊಟ್ಟ ಮೇಲೆ ಕೇಳಿದರೆ ಯಾರೂ ಹಾಕಿಸುವುದಿಲ್ಲ. ನಲ್ಲಿ ಮುಟ್ಟಿದಾಗ ಜುಮ್ಮೆಂದರೆ ಗೀಸರಿನ ಕರೆಂಟು ಸೋರುತ್ತಿದೆ, ಅರ್ಥಿಂಗೂ ಕೈಕೊಟ್ಟಿದೆ. "ಮಳೆಗಾಲದಲ್ಲಿ ಸ್ವಲ್ಪ ಹಾಗೇ" ಎನ್ನುವ ಮಾತಿಗೆ ಮರುಳಾಗದೆ ಮೇನ್ ಆರಿಸಿ, ಎಲೆಕ್ಟ್ರೀಷಿಯನ್ ಬರುವವರೆಗೆ ತಣ್ಣೀರು ಸ್ನಾನ ಮಾಡಿ.

ಯಾರಿಗಾದರೂ ಕರೆಂಟು ಹಿಡಿದುಕೊಂಡರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಆರಿಸಿ. ಅದು ಆಗದಿದ್ದರೆ ಒಣ ಪ್ಲಾಸ್ಟಿಕ್ ಕುರ್ಚಿ ಅಥವಾ ಒಣ ಕೋಲಿನಿಂದ ದೂಡಿ ಬಿಡಿಸಿ. ಹಾಗಾಗಿ ಮೇನ್ ಎಲ್ಲಿದೆ ಎಂಬುದು ರೂಮಿಗೆ ಬಂದ ಮೊದಲ ದಿನವೇ ಎಲ್ಲರಿಗೂ ಗೊತ್ತಿರಬೇಕು.

ಗ್ಯಾಸ್ ಗೀಸರ್ ಇರುವ ಬಚ್ಚಲು ಇದಕ್ಕಿಂತ ಮೋಸದ್ದು, ಯಾಕೆಂದರೆ ಅಲ್ಲಿ ಏನೂ ಕಾಣುವುದಿಲ್ಲ, ಏನೂ ನಾರುವುದಿಲ್ಲ. ಮುಚ್ಚಿದ ಬಚ್ಚಲಿನಲ್ಲಿ ಜ್ವಾಲೆ ಉರಿದಂತೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ತಲೆನೋವು, ವಾಕರಿಕೆ, ಕಾಲಲ್ಲಿ ಬಲವಿಲ್ಲದಂತಾಗುವುದು. ಬಾಗಿಲು ತೆಗೆಯಬೇಕು ಎಂದು ಹೊಳೆಯುವಷ್ಟರಲ್ಲಿ ಕೈ ಏಳುವುದಿಲ್ಲ. ಗೀಸರ್ ಬಚ್ಚಲಿನ ಹೊರಗೆ ಇರಬೇಕು. ಒಳಗೇ ಇದ್ದರೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಸ್ನಾನಕ್ಕೆ ಹೋಗಿ. ಒಬ್ಬರ ಹಿಂದೆ ಒಬ್ಬರು ಹೋಗುವಾಗ ನಡುವೆ ಹತ್ತು ನಿಮಿಷ ಬಾಗಿಲು ತೆರೆದಿರಲಿ. ಶಿರಸಿಯ ಡಿಸೆಂಬರ್ ಚಳಿಗೆ ಬಚ್ಚಲಿನ ಗಾಳಿಕಿಂಡಿಗೆ ಪೇಪರ್ ಅಂಟಿಸುವವರಿದ್ದಾರೆ. ಕಂಡರೆ ಕೂಡಲೇ ಕಿತ್ತುಹಾಕಿ. ಜ್ವಾಲೆ ನೀಲಿಯಿರಬೇಕು; ಹಳದಿಯಾದರೆ ರಿಪೇರಿಗೆ ಕೊಡಿ. ಒಳಗಿದ್ದವರು ಕರೆದರೆ ಓಗೊಡದಿದ್ದರೆ ಹಿಂದೆಮುಂದೆ ನೋಡದೆ ಬಾಗಿಲು ಒಡೆಯಿರಿ. ಉಸಿರು ಬಿಗಿಹಿಡಿದು ಹೊರಗೆಳೆದು, ಗ್ಯಾಸ್ ಆರಿಸಿ, 108ಕ್ಕೆ ಕರೆ ಮಾಡಿ.

ಬಟ್ಟೆ ಒಣಗಲಿಲ್ಲವೆಂದು ರೂಮಿನಲ್ಲಿ ಅಗ್ಗಿಷ್ಟಿಕೆ ಇಡುವುದೂ ಇದೇ ಸಾವನ್ನು ಕರೆಯುವುದು. ಊರ ಮನೆಯ ಹಂಚಿನ ಸಂದಿಯಲ್ಲಿ ಹೊಗೆ ಹೋಗುತ್ತಿತ್ತು. ಕಾಂಕ್ರೀಟ್ ರೂಮಿಗೆ ಆ ಸಂದಿ ಇಲ್ಲ. ಕೆಂಡ ಹೊಗೆಯಾಡದಿದ್ದರೂ ಆ ಅನಿಲ ಬಿಡುತ್ತಲೇ ಇರುತ್ತದೆ. ಬಟ್ಟೆಗೆ ಫ್ಯಾನ್ ಗಾಳಿ, ತೆರೆದ ಕಿಟಕಿ ಸಾಕು. ಹಗ್ಗವನ್ನು ಬೋರ್ಡಿನಿಂದ ದೂರ ಕಟ್ಟಿ.

ಅಡುಗೆ ಗ್ಯಾಸು

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಹರಡಿ ಮಂಚದಡಿ ಸೇರುತ್ತದೆ. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಲಿ, ಸಿಲಿಂಡರ್ ನೆಟ್ಟಗೆ ನಿಂತಿರಲಿ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ಕಿಡಿ ಎರಡರಲ್ಲೂ ಹಾರುತ್ತದೆ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆಗೆದು ಹೊರಗೆ ಹೋಗಿ, ಅಲ್ಲಿಂದ 1906ಕ್ಕೆ ಫೋನ್ ಮಾಡಿ. ಐದು ವರ್ಷ ದಾಟಿದ ಪೈಪ್ ಬದಲಿಸಬೇಕು. ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಗ್ಯಾಸ್ ತುಂಬಿಸಿಕೊಡುವ ಅಂಗಡಿಗಳಿಂದ ದೂರವಿರಿ, ಅದು ಕಾನೂನಿಗೂ ವಿರುದ್ಧ.

ಮೆಟ್ಟಿಲು, ಕುಡಿಯುವ ನೀರು

ಚಿರೇಕಲ್ಲಿನ ಮೆಟ್ಟಿಲಿಗೆ ಜುಲೈ ಹೊತ್ತಿಗೆ ಪಾಚಿ ಹಿಡಿಯುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಬ್ರಷ್ಷಿನಿಂದ ತಿಕ್ಕಿದರೆ ಹೋಗುತ್ತದೆ. ಆದರೆ ಬ್ಲೀಚಿಂಗ್ ಪೌಡರಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಎಂದೂ ಬೆರೆಸಬೇಡಿ, ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ. ಬಾವಿ ನೀರಾದರೆ ಮೊದಲ ಮಳೆಗೆ ಕದಡಿರುತ್ತದೆ. ಕದಡಿದ ನೀರಿನಲ್ಲಿ ಯುವಿ ಫಿಲ್ಟರ್ ಸರಿಯಾಗಿ ಕೆಲಸ ಮಾಡುವುದಿಲ್ಲ; ಬಟ್ಟೆಯಲ್ಲಿ ಸೋಸಿ, ಕೊತಕೊತ ಒಂದು ನಿಮಿಷ ಕುದಿಸಿ ಕುಡಿಯಿರಿ.

ಹಾವು, ನಾಯಿ, ಉಣ್ಣೆ

ತೋಟದ ಅಂಚಿನ ರೂಮಿನಲ್ಲಿ ನೆಲದ ಮೇಲೆ ಮಲಗಬೇಡಿ. ಕಟ್ಟುಹಾವು ರಾತ್ರಿ ತಿರುಗುವಂಥದ್ದು, ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತದೆ. ನೋವಿಲ್ಲ, ಊತವಿಲ್ಲ. ನಸುಕಿನಲ್ಲಿ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋತುಬೀಳುವುದು ಕಂಡರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಕೂರಬೇಡಿ. ಮಂಚ, ಅಂಚನ್ನು ಹಾಸಿಗೆಯಡಿಗೆ ಸಿಕ್ಕಿಸಿದ ಸೊಳ್ಳೆಪರದೆ, ಕತ್ತಲಲ್ಲಿ ಟಾರ್ಚ್: ಈ ಮೂರು ಇದ್ದರೆ ಬಹುಪಾಲು ಗೆದ್ದಂತೆ. ಯಾವ ಹಾವು ಕಚ್ಚಿದರೂ ಉಂಗುರ, ವಾಚು ತೆಗೆದು, ಕಚ್ಚಿದ ಅಂಗ ಅಲುಗದಂತೆ ಇಟ್ಟು ಆಸ್ಪತ್ರೆಗೆ ಹೊರಡಿ. ಬಿಗಿಯಾಗಿ ಕಟ್ಟುವುದು, ಕುಯ್ಯುವುದು, ಹೀರುವುದು ಬೇಡ. ನಾಟಿ ಔಷಧಿಗೆಂದು ದಾರಿಯಲ್ಲಿ ಇಳಿಯುವುದಂತೂ ಬೇಡವೇ ಬೇಡ. ಕಾರವಾರದಲ್ಲಿ ಕ್ರಿಮ್ಸ್ ಆಸ್ಪತ್ರೆ, ಶಿರಸಿಯಲ್ಲಿ ಪಂಡಿತ ಸಾರ್ವಜನಿಕ ಆಸ್ಪತ್ರೆ ಎಲ್ಲಿವೆ ಎಂದು ಮೊದಲೇ ತಿಳಿದಿಟ್ಟುಕೊಳ್ಳಿ.

ನಾಯಿ ಕಚ್ಚಿದರೆ ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ಗಾಯ ತೊಳೆದು ಅವತ್ತೇ ಚುಚ್ಚುಮದ್ದು ಶುರುಮಾಡಿ. ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆ ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ ಹೋದವರು ಮೈಮೇಲೆ ಮಂಗನ ಕಾಯಿಲೆ ಹರಡುವ ಉಣ್ಣೆ (ರಕ್ತ ಹೀರುವ ಸಣ್ಣ ಹುಳ, ಉಣುಗು) ಇದೆಯೇ ನೋಡಿಕೊಳ್ಳಿ. ಸತ್ತ ಮಂಗನ ಹತ್ತಿರ ಸುಳಿಯಬೇಡಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲು ಹೇಳಿ.

ದುಡ್ಡು, ಜನ, ಫೋನು

ರೂಮು ನೋಡದೆ ಮುಂಗಡ ಕಳಿಸಬೇಡಿ. ದುಡ್ಡು ಪಡೆಯಲು ಯುಪಿಐ ಪಿನ್ ಹಾಕಬೇಕಿಲ್ಲ. ಹಾಕಿ ಎಂದವರು ಮೋಸಗಾರರು. ದುಡ್ಡು ಹೋಗಿದ್ದೇ ಆದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಆಧಾರ್ ಪ್ರತಿ ಕೊಡುವಾಗ ಅದರ ಮೇಲೆ ಅಡ್ಡಲಾಗಿ "ಬಾಡಿಗೆ ರೂಮಿಗಾಗಿ" ಎಂದು ಬರೆದು ದಿನಾಂಕ ಹಾಕಿ. ಮಾಲೀಕರ ಬೀಗ ಬಿಟ್ಟು ನಿಮ್ಮದೇ ಹೊಸ ಬೀಗ ಹಾಕಿ, ಹಳೆಯದರ ಕೀ ಎಷ್ಟು ಜನರ ಕೈ ದಾಟಿದೆಯೋ ಯಾರಿಗೆ ಗೊತ್ತು. ಸೋರುವ ಗೋಡೆ, ಜುಮ್ಮೆನ್ನುವ ನಲ್ಲಿಯ ದೂರನ್ನು ಬಾಯಲ್ಲಿ ಹೇಳಿ ಸುಮ್ಮನಾಗದೆ ಫೋಟೊ ಸಮೇತ ವಾಟ್ಸಾಪ್ ಮಾಡಿ; ಅಡ್ವಾನ್ಸ್ ವಾಪಸ್ ಕೇಳುವಾಗ ಅದೇ ನಿಮ್ಮ ದಾಖಲೆ.

ಸೀನಿಯರ್‌ಗಳ ತಮಾಷೆ ಮಿತಿ ಮೀರಿದರೆ ಅದು ರ‍್ಯಾಗಿಂಗ್. ವಾರ್ಡನ್ ಕೇಳಿಸಿಕೊಳ್ಳದಿದ್ದರೆ 1800-180-5522 ಹಗಲು ರಾತ್ರಿ ಇದೆ. ಮನಸ್ಸು ತೀರಾ ಕುಸಿದರೆ 14416 ಟೆಲಿ ಮಾನಸ್. ಪೊಲೀಸ್, ಬೆಂಕಿ, ಯಾವ ತುರ್ತಿಗೂ 112. ತಂತಿ ಹರಿದು ಬಿದ್ದಿದ್ದರೆ ಹತ್ತು ಮೀಟರ್ ದೂರ ನಿಂತು 1912ಕ್ಕೆ ಹೆಸ್ಕಾಂಗೆ ತಿಳಿಸಿ. ಈ ನಂಬರುಗಳನ್ನೂ ಮನೆಯವರ ನಂಬರನ್ನೂ ಕಾಗದದಲ್ಲಿ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿ. ಗಾಳಿಮಳೆಗೆ ಕಂಬ ಉರುಳಿ ಎರಡು ದಿನ ಕರೆಂಟಿಲ್ಲದಿದ್ದರೆ ಮೊಬೈಲಿನಲ್ಲಿ ಬರೆದಿಟ್ಟದ್ದು ಉಪಯೋಗಕ್ಕೆ ಬರುವುದಿಲ್ಲ. ಪವರ್ ಬ್ಯಾಂಕ್ ಒಂದನ್ನು ಇದಕ್ಕೆಂದೇ ತುಂಬಿಸಿಟ್ಟು, ಸಿನಿಮಾ ನೋಡಲು ಮುಟ್ಟಬಾರದೆಂದು ರೂಮಿನವರೆಲ್ಲ ಸೇರಿ ತೀರ್ಮಾನಿಸಿ.