ಉಡುಪಿಯಲ್ಲಿ ಶನಿವಾರ ಸಂಜೆ: ಆಮಂತ್ರಣ ಓದುವ ಕ್ರಮ

ಮಣಿಪಾಲಕ್ಕೆ ಕೆಲಸಕ್ಕೆ ಬಂದವರು "ಉಡುಪಿಯಲ್ಲಿ ಬೀಚ್ ಬಿಟ್ಟರೆ ಏನುಂಟು?" ಎಂದು ಕೇಳುವಾಗ ನನಗೆ ಸಣ್ಣಗೆ ಸಿಟ್ಟು ಬರುತ್ತದೆ. ಸೀಸನ್ನಿನಲ್ಲಿ ಕಡಿಯಾಳಿಯ ನಮ್ಮ ಮನೆಯಿಂದ ಎತ್ತ ಹೊರಟರೂ ಎಲ್ಲೋ ಒಂದು ಕಡೆ ಚೆಂಡೆ ಕೇಳುತ್ತದೆ. ಯಕ್ಷಗಾನವೋ ನಾಟಕವೋ ಸಂಗೀತವೋ, ಹೆಚ್ಚಿನವಕ್ಕೆ ಟಿಕೆಟೂ ಇಲ್ಲ. ಆದರೆ ಇವನ್ನು ಬುಕಿಂಗ್ ಆ್ಯಪ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ. ಪತ್ರಿಕೆಯ ಒಳಪುಟ, ದೇವಸ್ಥಾನದ ಎದುರಿನ ಬ್ಯಾನರ್, ವಾಟ್ಸ್ಆ್ಯಪ್‌ನಲ್ಲಿ ತಿರುಗುವ ಆಮಂತ್ರಣ, ಇಷ್ಟೇ ದಾರಿ.

ಆಮಂತ್ರಣದಲ್ಲಿ ಮೊದಲು ಸಮಯ ನೋಡಬೇಡಿ, ಹೆಸರುಗಳನ್ನು ಎಣಿಸಿ. "ಸಂಜೆ 5ಕ್ಕೆ ಸರಿಯಾಗಿ" ಶುರುವಾಗುವುದು ಸಭೆ. ಅಧ್ಯಕ್ಷರು, ಮುಖ್ಯ ಅತಿಥಿಗಳು, ಉಪಸ್ಥಿತರು, ತಲೆಗೆ ಹತ್ತು ನಿಮಿಷ ಹಿಡಿಯಿರಿ. ಸನ್ಮಾನ ಇದ್ದರೆ ಇನ್ನೊಂದು ಕಾಲು ಗಂಟೆ. ಅಭಿನಂದನಾ ಪತ್ರ ಓದುವವರು ಅವಸರ ಮಾಡುವುದಿಲ್ಲ ಮಾರಾಯ್ರೆ. ನಿಮಗೆ ಬೇಕಾದ್ದು "ಸಭೆಯ ಬಳಿಕ" ಎಂದು ಕೆಳಗೆ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಅಪರೂಪಕ್ಕೆ ಸಭೆ ಆಟದ (ಯಕ್ಷಗಾನದ) ಮಧ್ಯೆ ಬರುವುದೂ ಉಂಟು. ಆಗ ಎದ್ದು ಚಾ ಕುಡಿದು ಬನ್ನಿ.

ಜಾಗದ ಮಟ್ಟಿಗೆ ಹೊಸಬರಿಗೆ ಸುಲಭದ್ದು ಕೃಷ್ಣ ಮಠದ ರಾಜಾಂಗಣ. ಪರ್ಯಾಯ ಮಠದವರು, ಅಂದರೆ ಆ ಸರದಿಯಲ್ಲಿ ಕೃಷ್ಣಪೂಜೆಯ ಹೊಣೆ ಹೊತ್ತವರು, ಅಲ್ಲಿ ಸಂಜೆ ಹೊತ್ತು ಸಂಗೀತ, ಭರತನಾಟ್ಯ, ಯಕ್ಷಗಾನ ಇಡುತ್ತಾರೆ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ ಬದಲಾಗುವಾಗ ಕಾರ್ಯಕ್ರಮಗಳ ರುಚಿಯೂ ಕೊಂಚ ಬದಲಾಗುತ್ತದೆ. ಬೇಗ ಹೋದರೆ ರಥಬೀದಿಯಲ್ಲಿ ಒಂದು ಸುತ್ತು ಹಾಕಿ, ಮಿತ್ರ ಸಮಾಜ ಹೋಟೆಲಿನ ಗೋಳಿಬಜೆ ತಿಂದು ಕೂರಬಹುದು. ನಾಟಕದ ಹುಚ್ಚಿದ್ದರೆ ಕುಂಜಿಬೆಟ್ಟಿನ ಎಂಜಿಎಂ ಕಾಲೇಜಿನ ಮುದ್ದಣ ಮಂಟಪದ ಮೇಲೆ ಕಣ್ಣಿಡಿ. ರಂಗಭೂಮಿ ಉಡುಪಿಯವರ ಕನ್ನಡ ನಾಟಕ ಸ್ಪರ್ಧೆ ಅಲ್ಲೇ. ಅಜ್ಜರಕಾಡಿನ ಪುರಭವನದಲ್ಲೂ ಆಗಾಗ ಏನಾದರೂ ಇರುತ್ತದೆ.

ಆದರೆ ಒಂದೇ ಒಂದು ಸಂಜೆ ಬಿಡುವಿದ್ದರೆ ಬಯಲಾಟಕ್ಕೇ, ಅಂದರೆ ಬಯಲಿನ ಯಕ್ಷಗಾನಕ್ಕೇ, ಹೋಗಿ. ಮೇಳಗಳ (ಯಕ್ಷಗಾನ ತಂಡಗಳ) ತಿರುಗಾಟ ದೀಪಾವಳಿಯ ಆಸುಪಾಸಿಗೆ ಹೊರಟು ಮೇ ಕೊನೆಯ ಪತ್ತನಾಜೆ ಎಂಬ ತುಳು ಪರ್ವದಿನದ ಹೊತ್ತಿಗೆ ಮುಗಿಯುತ್ತದೆ. ಆಮಂತ್ರಣದಲ್ಲಿ "ಕಾಲಮಿತಿ" ಎಂದಿದ್ದರೆ ಮಧ್ಯರಾತ್ರಿಯ ಹೊತ್ತಿಗೆ ಮಂಗಳ. ಇಲ್ಲದಿದ್ದರೆ ಆಟ ಬೆಳಗಿನವರೆಗೆ, ಮಧ್ಯಾಹ್ನ ನಿದ್ದೆ ಮಾಡಿ, ಒಂದು ಶಾಲು ಹಿಡಿದುಕೊಂಡು ಹೋಗಿ. ತೆಂಕು (ದಕ್ಷಿಣದ ಶೈಲಿ), ಬಡಗು (ಉತ್ತರದ ಶೈಲಿ), ಇವುಗಳಲ್ಲಿ ತಿಟ್ಟು ಯಾವುದೆಂದು ಗೊತ್ತಾಗದಿದ್ದರೆ ಹಿಮ್ಮೇಳ, ಅಂದರೆ ಹಾಡು-ವಾದ್ಯದವರನ್ನು ನೋಡಿ: ಚಕ್ರತಾಳ ಎಂಬ ದೊಡ್ಡ ತಾಳ ಇದ್ದರೆ ತೆಂಕು. ವೇಷಧಾರಿ ಮಂಡಿಯೂರಿ ಗಿರಗಿರನೆ ಸುತ್ತಿದರೆ ಬಡಗು.

ಮುಕ್ಕಾಲು ಗಂಟೆ ಮೊದಲೇ ಹೋಗಿ ಚೌಕಿ ನೋಡಿ. ರಂಗಸ್ಥಳದ ಹಿಂದಿನ ಆ ಚಪ್ಪರದಲ್ಲಿ ಗಣಪತಿಗೆ ದೀಪ ಇಟ್ಟಿರುತ್ತಾರೆ, ಅದಕ್ಕೇ ಚಪ್ಪಲಿ ಹೊರಗೆ. ಪೆಟ್ಟಿಗೆಯ ಮೇಲೊಂದು ಕನ್ನಡಿ ಇಟ್ಟುಕೊಂಡು ಪ್ರತಿಯೊಬ್ಬರೂ ತಮ್ಮ ಮುಖಕ್ಕೆ ತಾವೇ ಬಣ್ಣ ಬರೆಯುತ್ತಾರೆ. ರಾಕ್ಷಸವೇಷದ ಬಣ್ಣ ಇದ್ದರಂತೂ ನಿಂತು ನೋಡಬೇಕು: ಅಕ್ಕಿಹಿಟ್ಟು, ಸುಣ್ಣ ಕಲಸಿದ ಚುಟ್ಟಿಯನ್ನು ಕಡ್ಡಿಯ ತುದಿಯಲ್ಲಿ ತೆಗೆದು ಹುಬ್ಬಿನಂಚಿಗೆ, ಕೆನ್ನೆಗೆ ಚುಕ್ಕಿ ಚುಕ್ಕಿಯಾಗಿ ಇಡುತ್ತಾ ಹೋಗುತ್ತಾರೆ. ಅದು ಒಣಗುವವರೆಗೆ ಆ ಮನುಷ್ಯ ನಗುವಂತಿಲ್ಲ. ಮಾತಾಡಿಸಬೇಡಿ. ಫೋಟೊ ಬೇಕಿದ್ದರೆ ಕೇಳಿ ತೆಗೆಯಿರಿ, ಫ್ಲ್ಯಾಶ್ ಬೇಡ.

ಮಳೆಗಾಲದಲ್ಲಿ ತಾಳಮದ್ದಳೆ. ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಹಾಡಿನ ನಡುವೆ ಕೂತು ಮಾತಾಡುವುದು ಮಾತ್ರ, ಮಾತು ಬರೆದಿಟ್ಟದ್ದಲ್ಲ. ವಾಲಿವಧೆ ಪ್ರಸಂಗವಾದರೆ, ಬಾಣ ತಿಂದ ವಾಲಿ "ಮರೆಯಲ್ಲಿ ನಿಂತದ್ದು ಏಕೆ?" ಎಂದು ರಾಮನನ್ನು ಕೇಳುವ ಜಾಗಕ್ಕೆ ಜನ ಕಾದು ಕೂತಿರುತ್ತಾರೆ. ರಾಮನ ಮಾತಾಡುವ ಅರ್ಥಧಾರಿ ಏನು ಹೇಳಿಯಾನು ಎಂಬುದು ಎದುರು ಕೂತ ವಾಲಿಯ ಅರ್ಥಧಾರಿಗೂ ಗೊತ್ತಿರುವುದಿಲ್ಲ. ಕಥೆ ತಿಳಿದುಕೊಂಡೇ ಹೋಗಿ, ಇಲ್ಲದಿದ್ದರೆ ಅರ್ಧ ತಾಸಿಗೇ ಮೊಬೈಲ್ ತೆಗೆಯುತ್ತೀರಿ.

ಭಾನುವಾರ ಹಗಲು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಇಟ್ಟುಕೊಳ್ಳಿ. ಕೆಡವಲು ಹೊರಟಿದ್ದ ಹಳೆ ಮನೆಗಳನ್ನು ವಿಜಯನಾಥ ಶೆಣೈ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಜಾಗ. ಇದಕ್ಕೆ ಟಿಕೆಟ್ ಉಂಟು.

ರಾತ್ರಿ ಮನೆಗೆ ಹೋಗುವುದನ್ನು ಮಾತ್ರ ಮೊದಲೇ ಯೋಚಿಸಿ. ಆಟ ಮುಗಿಯುವಾಗ ಸಿಟಿ ಬಸ್ ಇರುವುದಿಲ್ಲ. ಪಕ್ಕದಲ್ಲಿ ಕೂತವರನ್ನು "ನೀವು ಯಾವ ಕಡೆಗೆ?" ಎಂದು ಮಧ್ಯದಲ್ಲೇ ಕೇಳಿಟ್ಟುಕೊಂಡರೆ ಆಟೋ ಬಾಡಿಗೆ ಅರ್ಧಕ್ಕೆ ಇಳಿಯುತ್ತದೆ.