ಬೆಲೆ ಮೂರು ಪಟ್ಟಾದರೆ? ಒಂದು ಸಣ್ಣ ತಂತ್ರಾಂಶ ಕಂಪನಿಯ ಲೆಕ್ಕ

ಸಗಟು ವ್ಯಾಪಾರಿಗಳ ದಾಸ್ತಾನು ಮತ್ತು ಬಿಲ್ಲಿಂಗ್ ನೋಡಿಕೊಳ್ಳುವ ತಂತ್ರಾಂಶ ನಮ್ಮದು. ಹತ್ತು ಜನರೊಳಗಿನ ಕಂಪನಿ, ಹೊರಗಿನ ಹೂಡಿಕೆ ಬಿಡಿಗಾಸೂ ಇಲ್ಲ. ಕೆಲವು ವರ್ಷಗಳಿಂದ ನಾವು ಒಂದು ಹಾಳೆ ಇಟ್ಟುಕೊಂಡು ಬಂದಿದ್ದೇವೆ. ನಾವು ಬಳಸುವ ಪ್ರತಿಯೊಂದು ಸೇವೆಗೂ, ದುಡ್ಡು ಕೊಟ್ಟದ್ದಿರಲಿ ಪುಕ್ಕಟೆಯಿರಲಿ, ಅದರಲ್ಲಿ ಒಂದು ಸಾಲು. ಸಾಲಿಗೆ ನಾಲ್ಕು ಅಂಕಣ: ಈಗಿನ ತಿಂಗಳ ಖರ್ಚು, ಅದು ಮೂರು ಪಟ್ಟಾದರೆ ನಮ್ಮ ಲಾಭ ಎಷ್ಟು ಉಳಿಯುತ್ತದೆ, ಆ ಸೇವೆಯಿಂದ ಹೊರಬರಲು ಎಷ್ಟು ವಾರ ಬೇಕು, ಹೊರಬರುವ ತಾಲೀಮು ಕೊನೆಗೆ ಮಾಡಿದ್ದು ಯಾವಾಗ. ಇದೇ ಕ್ಷೇತ್ರದ ಸ್ನೇಹಿತರು ಇದನ್ನು ನೋಡಿ, ‘ಬರುವ ಗ್ರಾಹಕರನ್ನು ಬಿಟ್ಟು ಬಾರದ ಕಷ್ಟಕ್ಕೆ ಲೆಕ್ಕ ಬರೆಯುತ್ತಿದ್ದೀರಿ’ ಎಂದರು. ಅವರಲ್ಲಿ ಇಬ್ಬರು ಈಗ ಅದೇ ಹಾಳೆಯ ನಕಲು ತೆಗೆದುಕೊಂಡು ಹೋಗಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಹಾಳೆಯ ಹಿಂದಿರುವ ವಿಚಾರ ಇಷ್ಟೇ. ಇವತ್ತು ಕಾಣುವ ಬೆಲೆ ನಿಜವಾದ ಬೆಲೆಯಲ್ಲ, ವ್ಯತ್ಯಾಸವನ್ನು ಯಾರೋ ತುಂಬುತ್ತಿರುತ್ತಾರೆ. ಬಡ್ಡಿ ಶೂನ್ಯದ ಹತ್ತಿರ ಇದ್ದ ಕಾಲದಲ್ಲಿ ತುಂಬುತ್ತಿದ್ದವರು ಹೂಡಿಕೆದಾರರು. ಅಮೆರಿಕದ ಫೆಡರಲ್ ರಿಸರ್ವ್ 2022ರ ಮಾರ್ಚ್‌ನಲ್ಲಿ ಬಡ್ಡಿ ಏರಿಸಲು ಶುರು ಮಾಡಿ 2023ರ ಜುಲೈ ಹೊತ್ತಿಗೆ ಶೇ 5.25–5.50ಕ್ಕೆ ತಂದು ನಿಲ್ಲಿಸಿತು. ಆ ಅವಧಿಯಲ್ಲಿ ನಡೆದದ್ದನ್ನು ನಾವೆಲ್ಲ ನೋಡಿದ್ದೇವೆ. 2022ರ ನವೆಂಬರ್‌ನಲ್ಲಿ, ತಂತ್ರಾಂಶಗಳಿಗೆ ಸರ್ವರ್ ಜಾಗ ಕೊಡುವ ಹೆರೋಕು ತನ್ನ ಉಚಿತ ಯೋಜನೆಯನ್ನು ಮುಚ್ಚಿತು. 2023ರ ಆಗಸ್ಟ್‌ನಲ್ಲಿ ಸರ್ವರ್ ಸಜ್ಜುಗೊಳಿಸುವ ಸಾಧನ ಟೆರಾಫಾರ್ಮ್‌ನ ಮುಕ್ತ ಪರವಾನಗಿ ಬಿಗಿಯಾಯಿತು, 2024ರ ಮಾರ್ಚ್‌ನಲ್ಲಿ ಡೇಟಾಬೇಸ್ ತಂತ್ರಾಂಶ ರೆಡಿಸ್‌ನದು. ಬಡ್ಡಿ ದರವನ್ನು ಷೇರುಪೇಟೆಯವರ ಸುದ್ದಿ ಎಂದು ಬದಿಗೆ ಸರಿಸುವ ತಂತ್ರಾಂಶ ಕಂಪನಿಗಳಿಗೆ ನಾನು ಹೇಳುವುದು ಒಂದೇ: ಅದು ಆರೆಂಟು ತಿಂಗಳು ತಡವಾಗಿ ನಿಮ್ಮ ಸರ್ವರ್ ಬಿಲ್ಲಿನಲ್ಲಿ ಬಂದು ಕೂರುತ್ತದೆ.

ಮೂರು ಪಟ್ಟು ಏಕೆ ಎಂದು ಕೇಳುತ್ತಾರೆ. ಎರಡು ಪಟ್ಟಾದರೆ ‘ಹೇಗೋ ಸುಧಾರಿಸೋಣ’ ಎಂದು ಎಲ್ಲರೂ ಹೇಳುತ್ತಾರೆ, ಹತ್ತು ಪಟ್ಟೆಂದರೆ ಯಾರೂ ನಂಬುವುದಿಲ್ಲ. ಮೂರು ಪಟ್ಟಿಗೆ ಜನ ಕುಳಿತು ಲೆಕ್ಕ ಹಾಕುತ್ತಾರೆ.

ಈ ಪ್ರಶ್ನೆಯನ್ನು ಮೊದಲು ಕೇಳಿಕೊಂಡದ್ದು ನಮ್ಮದೇ ದರಪಟ್ಟಿಗೆ. ತಿಂಗಳ ಅಗ್ಗದ ಯೋಜನೆಯೊಂದಿಗೆ ಶುರು ಮಾಡಿದ್ದೆವು, ಅದು ನಿಲ್ಲಲಿಲ್ಲ. ತಿಂಗಳಿಗೆ ಶೇ 3ರಷ್ಟು ಗ್ರಾಹಕರು ಬಿಟ್ಟುಹೋಗುತ್ತಿದ್ದರು. ಕೇಳಲು ಸಣ್ಣ ಸಂಖ್ಯೆ, ಆದರೆ ಹನ್ನೆರಡು ತಿಂಗಳಿಗೆ ನೂರರಲ್ಲಿ ಅರವತ್ತೊಂಬತ್ತೇ ಉಳಿಯುತ್ತವೆ. ಒಬ್ಬ ಗ್ರಾಹಕನ ಹಳೆಯ ದಾಸ್ತಾನು ಪಟ್ಟಿಯನ್ನು ನಮ್ಮ ವ್ಯವಸ್ಥೆಗೆ ತುಂಬಿ, ಅವನ ಸಿಬ್ಬಂದಿಗೆ ಕಲಿಸಲು ತಗಲುವ ಖರ್ಚು ಸುಮಾರು ಐದು ತಿಂಗಳ ಶುಲ್ಕದಷ್ಟು. ಅಂದರೆ ಬೇಗ ಬಿಟ್ಟುಹೋಗುವವರ ಬೆಲೆಯ ವ್ಯತ್ಯಾಸವನ್ನು ತುಂಬುತ್ತಿದ್ದವರು ನಾವೇ. ನಂತರ ಬಳಕೆಗೆ ತಕ್ಕ ದರ ಇಟ್ಟು ನೋಡಿದೆವು. ಅದು ಇನ್ನೂ ಕೆಟ್ಟಿತು. ಬಿಲ್ ಎಷ್ಟು ಬರುತ್ತದೋ ಎಂಬ ಅಂಜಿಕೆಯಿಂದ ವ್ಯಾಪಾರಿಗಳು ಸರಕು ಸಾಗಣೆಯ ನಮೂದುಗಳನ್ನೇ ಕಡಿಮೆ ಮಾಡಿದರು. ನಮೂದು ಕಡಿಮೆಯಾದರೆ ವರದಿ ತಪ್ಪು, ವರದಿ ತಪ್ಪಾದರೆ ತಂತ್ರಾಂಶಕ್ಕೆ ಕೆಟ್ಟ ಹೆಸರು.

ಕೊನೆಗೆ ವರ್ಷದ ಹಣ ಮುಂಗಡವಾಗಿ ಪಡೆಯುವುದೊಂದೇ ಇಟ್ಟುಕೊಂಡೆವು. ರಿಯಾಯಿತಿ ಹತ್ತು ತಿಂಗಳ ಬೆಲೆಗೆ ಹನ್ನೆರಡು, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಸಣ್ಣ ವ್ಯಾಪಾರಿಗಳು ಮುಂಗಡ ಕೊಡುವುದಿಲ್ಲ ಎಂದು ಎಲ್ಲರೂ ಹೇಳಿದ್ದರು. ಮೊದಲ ವರ್ಷ ಹೊಸ ಗ್ರಾಹಕರು ಅರ್ಧಕ್ಕೆ ಇಳಿದದ್ದು ನಿಜ. ಎರಡನೆಯ ವರ್ಷದ ಕೊನೆಗೆ ನವೀಕರಣ ಹತ್ತಕ್ಕೆ ಒಂಬತ್ತರ ಹತ್ತಿರ ಬಂತು, ಒಟ್ಟು ಆದಾಯ ಹಳೆಯದನ್ನು ದಾಟಿತು.

ಮುಂಗಡ ಹಣದ ವಿಷಯದಲ್ಲಿ ನನ್ನದು ಬಿಗಿಯಾದ ಕೈ. ಸೇವೆ ಕೊಡುವವರೆಗೆ ಅದು ಆದಾಯವಲ್ಲ, ಹೊಣೆ. ಲೆಕ್ಕಪತ್ರದ ಮಾನದಂಡ ಐಎಫ್‌ಆರ್‌ಎಸ್ 15 ಹೇಳುವುದೂ ಅದನ್ನೇ. ಪುಸ್ತಕದಲ್ಲಿ ಹಾಗೆ ಬರೆದು ಬ್ಯಾಂಕಿನಲ್ಲಿ ಮಾತ್ರ ಎಲ್ಲವನ್ನೂ ಒಂದೇ ಖಾತೆಯಲ್ಲಿಟ್ಟರೆ ಪ್ರಯೋಜನವಿಲ್ಲ, ಕಣ್ಣೆದುರು ದೊಡ್ಡ ಮೊತ್ತ ಕಂಡರೆ ಹೊಸ ನೇಮಕಾತಿಗೆ ಕೈ ತುರಿಸುತ್ತದೆ. ಮುಂಗಡವೆಲ್ಲ ಒಂದು ಪ್ರತ್ಯೇಕ ಖಾತೆಗೆ ಹೋಗುತ್ತದೆ. ಪ್ರತಿ ತಿಂಗಳ ಮೊದಲ ದಿನ ಅದರ ಹನ್ನೆರಡನೇ ಒಂದು ಭಾಗ ಮಾತ್ರ ಖರ್ಚಿನ ಖಾತೆಗೆ ಬರುತ್ತದೆ. ಸಂಬಳ, ಬಾಡಿಗೆ, ಸರ್ವರ್ ಎಲ್ಲವೂ ಅಷ್ಟರಲ್ಲೇ ಆಗಬೇಕು. ಎರಡೂ ಖಾತೆಗಳು ಬೇರೆ ಬೇರೆ ಬ್ಯಾಂಕಿನಲ್ಲಿವೆ. 2023ರ ಮಾರ್ಚ್ 10ರಂದು ಸಿಲಿಕಾನ್ ವ್ಯಾಲಿ ಬ್ಯಾಂಕ್ ಬಿದ್ದಾಗ ನವೋದ್ಯಮಗಳು ಸಂಬಳಕ್ಕೆ ಪರದಾಡಿದ್ದನ್ನು ನೆನಪಿಸಿಕೊಳ್ಳಿ. ಬಡ್ಡಿ ಏರಿದಾಗ ಆ ಬ್ಯಾಂಕ್ ಕೊಂಡಿದ್ದ ದೀರ್ಘಾವಧಿ ಬಾಂಡುಗಳ ಬೆಲೆ ಕುಸಿದಿತ್ತು, ಠೇವಣಿದಾರರು ಒಟ್ಟಿಗೆ ಹಣ ತೆಗೆಯಲು ಹೊರಟರು. ಬ್ಯಾಂಕಿಗೂ ನಮ್ಮ ಹಾಳೆಯಲ್ಲಿ ಒಂದು ಸಾಲಿದೆ.

ಇನ್ನು ಸರ್ವರ್. ನಮ್ಮ ಕ್ಲೌಡ್ ಬಿಲ್ ಆದಾಯದ ಶೇ 18ರ ಹತ್ತಿರ ಹೋಗಿತ್ತು, ಅದೂ ಡಾಲರ್‌ನಲ್ಲಿ. ಆದಾಯ ಬೇರೆ ಕರೆನ್ಸಿಯಲ್ಲಿ ಬರುವವರಿಗೆ ಇದರ ನೋವು ಗೊತ್ತು, ಬಳಕೆ ಏರದಿದ್ದರೂ ಬಿಲ್ ಏರುತ್ತದೆ. ಎಲ್ಲರ ಸಲಹೆ ಒಂದೇ: ಮೂರು ವರ್ಷದ ಒಪ್ಪಂದ ಮಾಡಿಕೊಂಡು ರಿಯಾಯಿತಿ ಪಡೆಯಿರಿ. ಹಾಳೆಯ ಮೂರನೇ ಅಂಕಣಕ್ಕೆ, ಹೊರಬರುವ ವಾರಗಳಿಗೆ, ಅದು ನೇರ ವಿರುದ್ಧ. ನಾವು ಮೊದಲು ಬಿಲ್ ಏಕೆ ಅಷ್ಟಾಗುತ್ತಿದೆ ಎಂದು ನೋಡಿದೆವು. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನಲ್ಲಿ ಯಾವ ಪ್ರಶ್ನೆಗೆ ಎಷ್ಟು ಸಮಯ ಹೋಯಿತೆಂದು ತೋರಿಸುವ ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ತೆರೆದು ಒಟ್ಟು ಸಮಯದ ಪ್ರಕಾರ ಜೋಡಿಸಿದರೆ, ತಿಂಗಳ ಕೊನೆಯ ದಾಸ್ತಾನು ವರದಿಯ ಒಂದೇ ಒಂದು ಪ್ರಶ್ನೆ (ಕ್ವೆರಿ) ಸುಮಾರು ಶೇ 40 ಸಮಯ ನುಂಗುತ್ತಿತ್ತು. ಹದಿನೆಂಟು ಕೋಟಿ ಸಾಲುಗಳ ಕೋಷ್ಟಕ. ದಿನಾಂಕದ ಅಂಕಣವನ್ನು ಒಂದು ಫಂಕ್ಷನ್‌ನೊಳಗೆ ಸುತ್ತಿದ್ದರಿಂದ ಸೂಚಿ (ಇಂಡೆಕ್ಸ್) ಬಳಕೆಯಾಗದೆ ಪ್ರತಿ ಸಲ ಇಡೀ ಕೋಷ್ಟಕ ಓದಲಾಗುತ್ತಿತ್ತು. ಫಂಕ್ಷನ್ ತೆಗೆದು ‘ಈ ದಿನದಿಂದ ಆ ದಿನದವರೆಗೆ’ ಎಂದು ಬರೆದೆವು. ಗ್ರಾಹಕ ಮತ್ತು ದಿನಾಂಕ ಸೇರಿಸಿ ಒಂದು ಸೂಚಿ ಮಾಡಿ, ಪ್ರಮಾಣದ ಅಂಕಣವನ್ನೂ ಅದರಲ್ಲೇ ಇಟ್ಟೆವು. ಅಷ್ಟಾದರೂ ಎಣಿಸಿದ ವೇಗದಲ್ಲಿ ಅರ್ಧ ಮಾತ್ರ ಬಂತು. ಆ ಕೋಷ್ಟಕದಲ್ಲಿ ಸೇರ್ಪಡೆಯೇ ಹೆಚ್ಚು. ಅಂಥ ಕಡೆ ಆಟೋವ್ಯಾಕ್ಯೂಮ್, ಅಂದರೆ ಕೋಷ್ಟಕಗಳನ್ನು ಒಪ್ಪವಾಗಿಡಲು ಪೋಸ್ಟ್‌ಗ್ರೆಸ್ ತಾನಾಗಿ ನಡೆಸುವ ಕೆಲಸ, ತನ್ನ ಮೂಲ ಹೊಂದಿಕೆಯಲ್ಲಿ ಶೇ 20ರಷ್ಟು ಹೊಸ ಸಾಲು ಸೇರುವವರೆಗೆ ಕಾಯುತ್ತದೆ. ಅಷ್ಟರವರೆಗೆ ಹೊಸ ಸಾಲುಗಳಿಗೆ ಸೂಚಿಯೊಂದೇ ಸಾಲದೆ ಮೂಲ ಕೋಷ್ಟಕಕ್ಕೂ ಹೋಗಬೇಕು. ವರದಿ ಕೇಳುವುದು ಹೊಸ ಸಾಲುಗಳನ್ನೇ. ಆ ಕೋಷ್ಟಕಕ್ಕೆ ಮಾತ್ರ ಮಿತಿಯನ್ನು ಶೇ 1ಕ್ಕೆ ಇಳಿಸಿದೆವು. ಒಂಬತ್ತು ಸೆಕೆಂಡಿನ ವರದಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಬಂತು, ಯಂತ್ರದ ಗಾತ್ರ ಅರ್ಧವಾಯಿತು.

ಅಷ್ಟು ಸಣ್ಣದಾದ ಮೇಲೆ ಕ್ಲೌಡ್ ಬಿಡುವುದು ಸುಲಭವಾಯಿತು. ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿ ಎರಡು ಯಂತ್ರಗಳನ್ನು ಬಾಡಿಗೆಗೆ ತೆಗೆದುಕೊಂಡೆವು, ಒಂದರಿಂದ ಇನ್ನೊಂದಕ್ಕೆ ಸತತ ನಕಲು, ಬ್ಯಾಕಪ್ ಮೂರನೆಯ ಕಡೆ. ನೋಡಿಕೊಳ್ಳುವವರ ಸಮಯವನ್ನೂ ಸೇರಿಸಿ ಖರ್ಚು ಈಗ ಆದಾಯದ ಶೇ 5ರ ಆಸುಪಾಸಿನಲ್ಲಿದೆ. ಬಳಕೆ ದಿನಕ್ಕೊಂದು ತರಹ ಏರಿಳಿಯುವವರಿಗೆ ಕ್ಲೌಡೇ ಸರಿ. ನಮ್ಮ ಗ್ರಾಹಕರ ಅಂಗಡಿ ತೆರೆಯುವ ಹೊತ್ತೂ ಮುಚ್ಚುವ ಹೊತ್ತೂ ಬದಲಾಗುವುದಿಲ್ಲ.

ತಾಲೀಮಿನ ವಿಷಯಕ್ಕೆ ಬಂದರೆ, ಹಾಳೆಯಲ್ಲಿ ‘ಎರಡು ವಾರ’ ಎಂದು ಬರೆದದ್ದು ಯಾವಾಗಲೂ ಸುಳ್ಳು. ಪ್ರತಿ ತ್ರೈಮಾಸಿಕ ಒಂದು ಸೇವೆಯನ್ನು ಆರಿಸಿ, ಒಂದಿಡೀ ದಿನ ನಿಜವಾಗಿ ಬೇರೆ ಕಡೆಯಿಂದ ನಡೆಸುತ್ತೇವೆ. ಮಿಂಚಂಚೆ ಕಳಿಸುವ ಸೇವೆಯ ಮೊದಲ ತಾಲೀಮು ಮಧ್ಯಾಹ್ನದೊಳಗೇ ಮುಗ್ಗರಿಸಿತು. ಕೋಡ್ ಸರಿಯಿತ್ತು. ಆದರೆ ಹೊಸ ವಿಳಾಸದಿಂದ ಒಮ್ಮೆಗೇ ಸಾವಿರಾರು ಪತ್ರ ಹೋದರೆ ಎದುರಿನ ಸರ್ವರ್‌ಗಳು ನಂಬುವುದಿಲ್ಲ, ಇನ್‌ವಾಯ್ಸ್‌ಗಳೆಲ್ಲ ಸ್ಪ್ಯಾಮ್‌ಗೆ ಬಿದ್ದವು. ಅಂದಿನಿಂದ ಶೇ 5ರಷ್ಟು ಪತ್ರಗಳು ಎರಡನೆಯ ಸೇವೆಯಿಂದಲೇ ಹೋಗುತ್ತವೆ, ಆ ವಿಳಾಸ ಸದಾ ಬಳಕೆಯಲ್ಲಿರಲಿ ಎಂದು. ಮುಂದೆ ಮೊದಲ ಸೇವೆಯವರು ಒಂದು ತಿಂಗಳ ಸೂಚನೆ ಕೊಟ್ಟು ಬೆಲೆಯನ್ನು ಎರಡೂವರೆ ಪಟ್ಟು ಮಾಡಿದಾಗ ವಾರದೊಳಗೆ ಹಂತಹಂತವಾಗಿ ಪೂರ್ತಿ ದಾಟಿದೆವು. ಅದೇ ಸೇವೆ ಬಳಸುತ್ತಿದ್ದ ಸ್ನೇಹಿತರೊಬ್ಬರು ನಾಲ್ಕು ತಿಂಗಳು ಹೊಸ ಬೆಲೆ ಕಟ್ಟಿದರು. ಹಾಳೆಯ ನಕಲು ಕೇಳಿದ ಮೊದಲಿಗರು ಅವರೇ.

ಒಂದು ಬದಿಯ ಪ್ರಯೋಗದ ಬಗ್ಗೆಯೂ ಹೇಳಬೇಕು. ಪ್ರತಿ ಗ್ರಾಹಕನಿಗೂ ಒಂದು ಎಸ್‌ಕ್ಯೂಲೈಟ್ ಕಡತ (ಇಡೀ ಡೇಟಾಬೇಸ್ ಒಂದೇ ಕಡತದಲ್ಲಿ) ಇಟ್ಟರೆ ಹೇಗೆ ಎಂದು ಒಂದು ಮಳೆಗಾಲವಿಡೀ ಅದರಲ್ಲೇ ಮುಳುಗಿದ್ದೆವು. ವೇಗ ಅದ್ಭುತ. ಆದರೆ ಕೋಷ್ಟಕದ ರಚನೆ ಬದಲಿಸುವಾಗ ಸಾವಿರಕ್ಕೂ ಹೆಚ್ಚು ಕಡತಗಳ ಮೇಲೆ ಓಡಾಡಬೇಕು, ಮಧ್ಯದಲ್ಲಿ ಕೆಲವು ನಿಂತರೆ ಹುಡುಕುವುದೇ ಒಂದು ಕೆಲಸ. ಬಿಟ್ಟೆವು. ಉಳಿದದ್ದು ಒಂದು ಗುಂಡಿ: ಗ್ರಾಹಕ ಒತ್ತಿದರೆ ಅವನ ಸಮಸ್ತ ಮಾಹಿತಿ ಒಂದೇ ಎಸ್‌ಕ್ಯೂಲೈಟ್ ಕಡತವಾಗಿ ಇಳಿಯುತ್ತದೆ. ಮಾರಾಟದ ಮಾತುಕತೆಯಲ್ಲಿ ಈ ಗುಂಡಿಯನ್ನು ಮೊದಲೇ ತೋರಿಸಲು ಶುರು ಮಾಡಿದ ಮೇಲೆ ಮುಂಗಡ ಕೊಡಲು ಹಿಂಜರಿಯುವವರು ಎದ್ದು ಕಾಣುವಷ್ಟು ಕಡಿಮೆಯಾದರು. ಅವರ ಹಾಳೆಯಲ್ಲಿ ನಾವೂ ಒಂದು ಸಾಲು ತಾನೆ.

ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ನಮ್ಮ ಪದ್ಧತಿ ಮುರಿದುಬೀಳುತ್ತದೆ ಎಂದು ಹಲವರು ಹೇಳಿದ್ದರು, ಅಲ್ಲಿ ಬೆಲೆ ಇಳಿಯುತ್ತಿದೆಯಲ್ಲ ಎಂದು. ಇಳಿದದ್ದು ಹೌದು. ಓಪನ್‌ಎಐ ಕಂಪನಿಯ ಮಾದರಿ ಜಿಪಿಟಿ-4 2023ರ ಮಾರ್ಚ್‌ನಲ್ಲಿ ಬಂದಾಗ ಹತ್ತು ಲಕ್ಷ ಇನ್‌ಪುಟ್ ಟೋಕನ್‌ಗೆ, ಅಂದರೆ ನಾವು ಕಳಿಸುವ ಪಠ್ಯದ ಸಣ್ಣ ತುಣುಕುಗಳಿಗೆ, 30 ಡಾಲರ್. 2024ರ ಜುಲೈನಲ್ಲಿ ಬಂದ ಜಿಪಿಟಿ-4ಒ ಮಿನಿಗೆ 15 ಸೆಂಟ್. ಆದರೆ ನಮಗೆ ಬೇಕಾದ ಲೆಕ್ಕ ಟೋಕನ್‌ನದಲ್ಲ, ಒಂದು ಇನ್‌ವಾಯ್ಸ್‌ನದು. ಪೂರೈಕೆದಾರರ ಇನ್‌ವಾಯ್ಸ್‌ನ ಫೋಟೊ ಓದಿ ನಮೂದು ಮಾಡುವ ಕೆಲಸಕ್ಕೆ ನಾವು ಇಂಥ ಮಾದರಿಗಳನ್ನು ಬಳಸುತ್ತೇವೆ. ಉತ್ತರ ಕೊಡುವ ಮುನ್ನ ಉದ್ದಕ್ಕೆ ಯೋಚಿಸುವ ಮಾದರಿಗಳು ಆ ಯೋಚನೆಯ ಟೋಕನ್‌ಗಳಿಗೂ ಶುಲ್ಕ ಹಾಕುತ್ತವೆ. ಅಂಥ ಒಂದನ್ನು ಹಾಕಿ ನೋಡಿದಾಗ ಟೋಕನ್ ಬೆಲೆ ಇಳಿದಿದ್ದರೂ ಪ್ರತಿ ಇನ್‌ವಾಯ್ಸ್‌ನ ಖರ್ಚು ಸುಮಾರು ನಾಲ್ಕು ಪಟ್ಟಾಯಿತು, ನಿಖರತೆ ಹೇಳಿಕೊಳ್ಳುವಷ್ಟು ಏರಲಿಲ್ಲ.

ಹಾಗಾಗಿ ನಿಯಮ ಇದು: ಮೂರು ಪಟ್ಟಾದರೂ ಆ ಖರ್ಚು ಗ್ರಾಹಕನ ಶುಲ್ಕದ ಇಪ್ಪತ್ತನೇ ಒಂದು ಭಾಗ ಮೀರಬಾರದು. ಸರಿ ಉತ್ತರ ಗೊತ್ತಿರುವ ಆರುನೂರು ಇನ್‌ವಾಯ್ಸ್‌ಗಳ ಒಂದು ಕಟ್ಟು ನಮ್ಮಲ್ಲಿದೆ. ಹೊಸ ಮಾದರಿ ಬಂದರೆ ಅದರ ಮೇಲೆ ಓಡಿಸುತ್ತೇವೆ, ನಮ್ಮದೇ ಯಂತ್ರದಲ್ಲಿ ನಡೆಯುವ ಮುಕ್ತ ಮಾದರಿಯೊಂದನ್ನೂ ಪಕ್ಕದಲ್ಲಿಟ್ಟು. ತುರ್ತಿಲ್ಲದವನ್ನು ರಾತ್ರಿ ಒಟ್ಟಾಗಿ ಕಳಿಸುತ್ತೇವೆ, ಹಾಗೆ ಕಳಿಸಿದರೆ ದೊಡ್ಡ ಪೂರೈಕೆದಾರರಲ್ಲಿ ಅರ್ಧ ಬೆಲೆ. ಬಂದ ಉತ್ತರವನ್ನು ಮಾದರಿಯಿಂದಲೇ ಮರುಪರಿಶೀಲನೆ ಮಾಡಿಸುವುದಿಲ್ಲ. ಪ್ರಮಾಣ ಗುಣಿಸು ದರ ಸಾಲಿನ ಮೊತ್ತಕ್ಕೆ ಸಮವೇ, ಸಾಲುಗಳ ಮೊತ್ತ ಒಟ್ಟಿಗೆ ಸಮವೇ ಎಂದು ಸಾಮಾನ್ಯ ಕೋಡ್ ನೋಡುತ್ತದೆ, ತಾಳೆಯಾಗದಿದ್ದರೆ ಮನುಷ್ಯರ ಮೇಜಿಗೆ. ಫೋಟೊವನ್ನು ಕಳಿಸುವ ಮುನ್ನ ನಾವು ಏನು ಮಾಡುತ್ತೇವೆ ಎಂಬುದನ್ನು ಬರೆಯುವುದಿಲ್ಲ. ಖರ್ಚು ಅರ್ಧವಾದದ್ದು ಅಲ್ಲಿಯೇ, ನಮ್ಮ ಪ್ರತಿಸ್ಪರ್ಧಿಗಳೂ ಓದುತ್ತಾರೆ.

ಈಗ ಹಾಳೆಯಲ್ಲಿ ಮೂರನೇ ಅಂಕಣ ಖಾಲಿ ಇರುವ ಸಾಲು ಒಂದೇ, ಕೋಡ್ ಬರೆಯಲು ನೆರವಾಗುವ ಸಾಧನಗಳದ್ದು. ಬೇರೆ ಕಂಪನಿಯ ಸಾಧನಕ್ಕೆ ದಾಟಲು ಒಂದು ಬೆಳಗ್ಗೆ ಸಾಕು. ಆದರೆ ಅವೆಲ್ಲವೂ ಒಟ್ಟಿಗೆ ಮೂರು ಪಟ್ಟಾಗಿ ಎಲ್ಲವನ್ನೂ ಬಿಡಬೇಕಾದರೆ ನಮ್ಮ ತಂಡಕ್ಕೆ ಇನ್ನೂ ಎಷ್ಟು ಜನ ಬೇಕಾಗುತ್ತಾರೆ ಎಂಬುದಕ್ಕೆ ನಮ್ಮಲ್ಲಿ ಅಂಕಿಯಿಲ್ಲ. ಮುಂದಿನ ತ್ರೈಮಾಸಿಕ ಒಂದು ಪೂರ್ತಿ ಆವೃತ್ತಿಯನ್ನು ಅವುಗಳಿಲ್ಲದೆ ಹೊರತರಲಿದ್ದೇವೆ. ತಂಡದಲ್ಲಿ ಇಬ್ಬರಿಗೆ ಇದು ಇಷ್ಟವಿಲ್ಲ, ಮುಖ ನೋಡಿದರೇ ಗೊತ್ತಾಗುತ್ತದೆ. ಆ ಅಂಕಿ ಕೈಗೆ ಬರುವವರೆಗೆ ಬರುವ ವರ್ಷದ ದರಪಟ್ಟಿಯನ್ನು ಪ್ರಕಟಿಸುವುದಿಲ್ಲ.