ಪ್ಯಾಕಿಂಗ್ ಪೆಟ್ಟಿಗೆ ಎಸೆದ ಮೇಲೆ ಕೆಟ್ಟ ಮೆಷಿನ್ ವಾಪಸ್ ಕಳಿಸುವುದು

ಪೆಟ್ಟಿಗೆ ಇಲ್ಲ ಎಂದು ಸುಮ್ಮನಾಗಬೇಡಿ. ಮನಸ್ಸು ಬದಲಾಗಿ ಹಿಂದಿರುಗಿಸುವುದು ಬೇರೆ, ದೋಷಕ್ಕಾಗಿ ಹಿಂದಿರುಗಿಸುವುದು ಬೇರೆ. ಅಂಗಡಿಗೆ ಬರೆಯುವಾಗ ಮೊದಲ ಸಾಲಿನಲ್ಲೇ ದೋಷ ಏನೆಂದು ಹೇಳಿ. ಜೊತೆಗೆ ಬಿಲ್, ಸೀರಿಯಲ್ ನಂಬರಿನ ಫೋಟೊ, ತೊಂದರೆ ಕಾಣುವ ಚಿಕ್ಕ ವಿಡಿಯೊ ಇರಲಿ. ಪೆಟ್ಟಿಗೆಯಿಲ್ಲದೆ ಒಯ್ಯುತ್ತೀರಾ, ಸಾಗಣೆ ಖರ್ಚು ಯಾರದು ಎಂದು ಕೇಳಿ ಉತ್ತರವನ್ನು ಬರಹದಲ್ಲೇ ಪಡೆಯಿರಿ. ಫೋನಿನಲ್ಲಿ ಆಡಿದ ಮಾತಿಗೆ ಆಮೇಲೆ ಸಾಕ್ಷಿ ಇರುವುದಿಲ್ಲ.

ನಿಜವಾದ ಅಪಾಯ ಇರುವುದು ಸಾಗಣೆಯಲ್ಲಿ. ಮುಂಭಾಗದಲ್ಲಿ ಬಾಗಿಲಿರುವ ವಾಷಿಂಗ್ ಮೆಷಿನ್ ಆದರೆ ನೀರನ್ನು ಪೂರ್ತಿ ಬಸಿದು, ಹಿಂಬದಿಯ ಟ್ರಾನ್ಸಿಟ್ ಬೋಲ್ಟ್‌ಗಳನ್ನು (ಸಾಗಿಸುವಾಗ ಡ್ರಮ್ ಅಲುಗಾಡದಂತೆ ಹಿಡಿದಿಡುವ ಬೋಲ್ಟ್‌ಗಳು) ಮತ್ತೆ ಹಾಕಲೇಬೇಕು. ಇಲ್ಲದಿದ್ದರೆ ಡ್ರಮ್ ಕುಲುಕಾಡಿ ಅದನ್ನು ಹೊತ್ತಿರುವ ಸ್ಪ್ರಿಂಗುಗಳ ವ್ಯವಸ್ಥೆ (ಸಸ್ಪೆನ್ಷನ್) ಹಾಳಾಗಬಹುದು, ಆಗ ತಪ್ಪು ನಿಮ್ಮ ತಲೆಗೆ ಬರುತ್ತದೆ. ಬೋಲ್ಟ್ ಕಳೆದಿದ್ದರೆ ಅದೇ ಮಾಡೆಲ್‌ನದ್ದು ಬಿಡಿಭಾಗವಾಗಿ ಸಿಗುತ್ತದೆಯೇ ವಿಚಾರಿಸಿ. ಫ್ರಿಜ್ ಅನ್ನು ಹಿಂದಿನ ದಿನವೇ ಆಫ್ ಮಾಡಿ, ಒಳಗೆ ಒರೆಸಿ, ನೆಟ್ಟಗೆ ನಿಲ್ಲಿಸಿಯೇ ಸಾಗಿಸಿ. ದೊಡ್ಡ ಟಿವಿಯನ್ನು ಮಲಗಿಸಬೇಡಿ. ಪರದೆಯ ಮೇಲೆ ಮೊದಲು ಮೆತ್ತನೆಯ ಫೋಮ್ ಹಾಳೆ, ಅದರ ಮೇಲೆ ಗಟ್ಟಿ ರಟ್ಟು. ಟೇಪನ್ನು ನೇರವಾಗಿ ಅಂಟಿಸಿದರೆ ಗುರುತು ಉಳಿಯುತ್ತದೆ, ಅದರ ಬದಲು ಸ್ಟ್ರೆಚ್ ಫಿಲ್ಮ್ (ಹಿಗ್ಗುವ ತೆಳು ಪ್ಲಾಸ್ಟಿಕ್ ಹಾಳೆ) ಸುತ್ತಿ. ಪೈಪು, ರಿಮೋಟ್ ಬೇರೆ ಚೀಲದಲ್ಲಿ.

ಒಯ್ಯಲು ಬಂದವರೆದುರೇ ಎಲ್ಲ ಬದಿಯ ಫೋಟೊ ತೆಗೆಯಿರಿ. “ಹೊರಗೆ ಏಟಿಲ್ಲ” ಎಂದು ರಸೀದಿಯಲ್ಲಿ ಬರೆಸಿಕೊಂಡ ಮೇಲಷ್ಟೇ ವಸ್ತು ಕೊಡಿ.